ಎಟಿವಿಗೆ ಕಮ್ಮಿ ರೇಟಿನ ಶಾಕ್ ಅಬ್ಸಾರ್ಬರ್ ಹಾಕ್ಸಿದೆ, ಒಂದು ಮಳೆಗಾಲ ಓಡಿಸಿದ ಮೇಲೆ ಬರೀತಿದ್ದೇನೆ

ಶಿರಸಿ ಹತ್ರ ನಮ್ಮ ಅಡಿಕೆ ತೋಟ, ಮನೆಯಿಂದ ಕೆಳಗೆ ಇಳಿಯೋಕೆ ಜಂಬಿಟ್ಟಿಗೆ ಮಣ್ಣಿನ ಕಡಿದಾದ ದಾರಿ, ಮಳೆ ಹಿಡಿದ್ರೆ ಜೀಪೂ ಹೋಗಲ್ಲ. ಅದಕ್ಕೇ ಸೆಕೆಂಡ್ ಹ್ಯಾಂಡ್ ಎಟಿವಿ, ಅಂದ್ರೆ ದಪ್ಪ ಟೈರಿನ ನಾಲ್ಕು ಚಕ್ರದ ಬೈಕು, ತಗೊಂಡಿದ್ದು, ಅಡಿಕೆ ಕೊನೆ, ಸೊಪ್ಪು, ಮದ್ದಿನ ಕ್ಯಾನು ಎಲ್ಲಾ ಅದ್ರ ಮೇಲೇ. ಹಿಂದಿನ ಎರಡೂ ಶಾಕ್ ಎಣ್ಣೆ ಬಿಟ್ಟು ಸತ್ತೇ ಹೋದ್ವು, ಒಂದು ಬೇರು ಹತ್ತಿದ್ರೂ ಸೊಂಟಕ್ಕೆ ಏಟು.

ಕಂಪನಿ ಸ್ಪೇರ್ ಒಂದಕ್ಕೇ 9,500 ಅಂದ್ರು, ಅದೂ ಆರ್ಡರ್ ಹಾಕಿ ಕಾಯ್ಬೇಕು. ಮೊದ್ಲು ಸೀಲ್ ಬದಲಿಸಿ ಎಣ್ಣೆ ತುಂಬಿಸಿ ನೋಡಿದೆ, ಎರಡಕ್ಕೂ ಸೇರಿ 1,600 ಆಯ್ತು, ಇಪ್ಪತ್ತೇ ದಿನಕ್ಕೆ ಮತ್ತೆ ಸೋರಿಕೆ. ಶಾಕಿನೊಳಗೆ ಹೋಗಿ ಬರೋ ರಾಡ್ ಒರೆಸಿ ಬೆಳಕಿಗೆ ಹಿಡಿದಾಗ ಗೊತ್ತಾಯ್ತು, ಕ್ರೋಮ್ ಮೇಲೆ ಸಾಸಿವೆಗಿಂತ ಸಣ್ಣ ತುಕ್ಕಿನ ಗುಂಡಿಗಳು, ಉಗುರು ಎಳೆದ್ರೆ ತಡೆಯುತ್ತೆ. ಅಂಥ ರಾಡಿಗೆ ಎಷ್ಟು ಸೀಲ್ ಹಾಕಿದ್ರೂ ಹರಿದೇ ಹರಿಯುತ್ತೆ. ಮೈಲುತುತ್ತದ ನೀರು ಚೆಲ್ಲಿ ಚೆಲ್ಲಿ ಹಾಗಾಗಿದ್ದು ಅಂತ ನನ್ನ ಅಂದಾಜು, ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಮಾಡೋ ಬೋರ್ಡೋ ಮದ್ದಿಗೆ ಸುಣ್ಣ ಸಾಕಾಯ್ತಾ ಅಂತ ಕತ್ತಿ ಅದ್ದಿ ನೋಡಿದಾಗ, ಸಾಲದಿದ್ರೆ ಕೆಂಪಗಾಗುತ್ತಲ್ಲ, ಕಬ್ಬಿಣವನ್ನ ತಿನ್ನೋದು ಅದೇ ನೀರು.

ಕೊನೆಗೆ ಆನ್‌ಲೈನಲ್ಲಿ ಬ್ರಾಂಡ್ ಇಲ್ಲದ ಜೋಡಿ ತರ್ಸಿದೆ, 4,200. ಒಂದು ಮಾತು ಕೇಳಿ, ಗಾಡಿ ಮಾಡೆಲ್ ಹೆಸರು ನಂಬಿ ತಗೋಬೇಡಿ. ಹಳೇ ಶಾಕ್ ಬಿಚ್ಚಿ, ಮೇಲಿನ ಬೋಲ್ಟ್ ತೂತಿನ ನಡುವಿಂದ ಕೆಳಗಿನ ತೂತಿನ ನಡುವಿಗೆ ಅಳತೆ ಹಿಡೀರಿ, ನಮ್ಮದು 320 ಎಂಎಂ. ಬೋಲ್ಟ್ ದಪ್ಪ, ಬೋಲ್ಟ್ ತೂರೋ ಬುಶ್ ಅಗಲನೂ ಬರ್ಕೊಳ್ಳಿ. ಉದ್ದ ಜಾಸ್ತಿಯಾದ್ರೆ ಜಾಯಿಂಟುಗಳು ಎಳೆದ ಹಾಗಾಗ್ತವೆ, ಕಮ್ಮಿಯಾದ್ರೆ ಗಾಡಿ ಹೊಟ್ಟೆ ಕಲ್ಲಿಗೆ ತಾಗುತ್ತೆ. ನಂಗೆ ಉದ್ದ ಸರಿ ಬಂತು ಆದ್ರೆ ಬುಶ್ ತೂತು 12 ಎಂಎಂ, ಬೋಲ್ಟ್ 10. ಲೇತ್ ಅಂಗಡೀಲಿ ಒಳಗೆ ಕೂರೋ ಹಾಗೆ ನಾಲ್ಕು ಸ್ಲೀವ್ (ಸಣ್ಣ ಕೊಳವೆ) ಮಾಡಿಸಿದ್ದಕ್ಕೆ ಮತ್ತೆ 400.

ದೊಡ್ಡ ಕೊರತೆ ಸ್ಪ್ರಿಂಗು. ಖಾಲಿ ಗಾಡಿಗೆ ಅಡ್ಡಿಲ್ಲ, ಎರಡು ಕ್ಯಾನ್ ಮದ್ದು ಇಟ್ರೆ ಹಿಂದೆ ಕುಸಿದು ಕೂರ್ತಿತ್ತು. ಸ್ಪ್ರಿಂಗ್ ಬಿಗಿ ಮಾಡೋ ಪ್ರೀಲೋಡ್ ರಿಂಗ್ ಕೊನೇವರೆಗೂ ತಿರುಗಿಸಿದ್ರೂ ಅಷ್ಟೇ. ಮೆಕ್ಯಾನಿಕ್ ಕ್ಯಾಲಿಪರ್ ಹಿಡಿದು, "ಹೆಗಡೇರೇ, ಹಳೇ ಸ್ಪ್ರಿಂಗಿನ ಸರಳು 9 ಎಂಎಂ ದಪ್ಪ, ಇದು 8 ನೋಡಿ" ಅಂದ. ಒಂದೇ ಎಂಎಂ ಅಂತ ಹಗುರ ಮಾಡ್ಬೇಡಿ, ಸುತ್ತು ಅಗಲ ಎಲ್ಲಾ ಒಂದೇ ಇದ್ರೆ 9ರ ಸ್ಪ್ರಿಂಗು 8ರದ್ದಕ್ಕಿಂತ ಹೆಚ್ಚುಕಮ್ಮಿ 1.6 ಪಟ್ಟು ಗಟ್ಟಿ. ಹಳೇ ಸ್ಪ್ರಿಂಗ್ ಚೆನ್ನಾಗೇ ಇತ್ತು, ಹೊಸ ಶಾಕಿಗೆ ಸರಿಯಾಗಿ ಕೂತ್ಕೊಂತು, ಸ್ಪ್ರಿಂಗ್ ಅದುಮೋ ಕಂಪ್ರೆಸರ್ ಹಾಕಿ ಅದ್ನೇ ಬದಲಿಸಿ ಕೊಟ್ಟ. ಅವನ ಕೂಲಿ 500. ಅದ್ಭುತ ಕೆಲ್ಸ ಮಾಡಿದ. ಇದ್ನ ಮನೇಲಿ ಕಟ್ಟಿಂಗ್ ಪ್ಲೇಯರ್ ಹಗ್ಗ ಹಿಡ್ಕೊಂಡು ಮಾಡೋಕೆ ಹೋಗ್ಬೇಡಿ ದಯವಿಟ್ಟು, ಸ್ಪ್ರಿಂಗ್ ಹಾರಿದ್ರೆ ಕಣ್ಣೇ ಹೋಗುತ್ತೆ.

ಹೊಸ ಜೋಡಿಗೆ ಒಟ್ಟು 5,100. ಮಳೆಗಾಲ ಪೂರ್ತಿ ಓಡ್ಸಿದೆ, ರಾಡ್ ಒಣಗೇ ಇದೆ, ಒಂದು ಹನಿ ಎಣ್ಣೆ ಇಲ್ಲ. ಇಳಿಜಾರಲ್ಲಿ ಸ್ವಲ್ಪ ಜಾಸ್ತಿ ಕುಣಿಯುತ್ತೆ, ಕಂಪನಿ ಶಾಕಿನ ನಯ ಬರಲ್ಲ, ಆದ್ರೆ ತೋಟದ ಸ್ಪೀಡಿಗೆ ಧಾರಾಳ ಸಾಕು. ಐದಕ್ಕೆ ನಾಲ್ಕು ಕೊಡ್ತೇನೆ. ಮದ್ದು ಹೊಡೆದ ದಿನ ಸಂಜೆ ಮಾತ್ರ ಶಾಕಿಗೆ ನೀರು ಬಿಟ್ಟು ತೊಳೆದು ಬಟ್ಟೇಲಿ ಒರೆಸ್ತೇನೆ, ಎಷ್ಟೇ ಕತ್ತಲಾದ್ರೂ.