ನಾಯಿ, ಬೆಕ್ಕು, ಇಪ್ಪತ್ತು ಮುಖದ ದಾಳ: ತೋಟದ ಮನೆಯಲ್ಲಿ ಎಲ್ಲಿ ಕೂತು ಆಡುವುದು?

ಶನಿವಾರ ಬೆಳಿಗ್ಗೆ ಬಂದ ಗೆಳೆಯರು ಭಾನುವಾರ ಮಧ್ಯಾಹ್ನ ಊಟ ಮುಗಿಸಿಯೇ ಹೊರಡುವುದು. ನಡುವೆ ಸಿಗುವ ಹೊತ್ತೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರಹದ ಆಟಕ್ಕೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ, ಮಾಡಹೊರಟ ಕೆಲಸ ಕೈಗೂಡಿತಾ ಇಲ್ವಾ ಅನ್ನುವುದನ್ನು ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ ಸೋಮವಾರಪೇಟೆ ಕಡೆಯ ನಮ್ಮ ತೋಟದ ಮನೆಗೆ ಬಂದದ್ದು ಬೆಂಗಳೂರಿನಲ್ಲಿ ಕೆಲಸ ಮಾಡುವ ಗೆಳೆಯರಿಂದ. ಬರುವವರು ಬರಿಗೈಲಿ ಬರುವುದಿಲ್ಲ. ಮೈಸೂರಿನ ಗೆಳತಿಯ ಜೊತೆ ಲ್ಯಾಬ್ರಡಾರ್ ಬರುತ್ತದೆ, ಗೋಣಿಕೊಪ್ಪದವನ ಜೀಪಿನಲ್ಲಿ ಬೀಗಲ್ ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ನಾಟಿ ನಾಯಿ ಕರಿಯ, ಬೆಕ್ಕು ಚಿನ್ನಿ.

ಜಗಲಿ, ಕಾಫಿ ಸ್ಟೋರು, ಬಾಡಿಗೆ ಹೋಂಸ್ಟೇ, ಊಟದ ಕೋಣೆ. ನಾಲ್ಕು ಕಡೆಯೂ ಆಡಿ ನೋಡಿದ್ದೇವೆ. ಟೇಬಲ್ ಎಷ್ಟು ದೊಡ್ಡದು, ಬೆಳಕು ಹೇಗಿದೆ ಅನ್ನುವುದೆಲ್ಲ ಆಮೇಲೆ. ನಾನು ಮೊದಲು ನೋಡುವುದು ಒಂದೇ: ನಾಯಿಗೋ ಬೆಕ್ಕಿಗೋ ಗದ್ದಲ ಸಾಕು ಅನಿಸಿದರೆ ಯಾರ ಅಪ್ಪಣೆಗೂ ಕಾಯದೆ ಎದ್ದು ಹೋಗಿ ಮಲಗಲು ಜಾಗ ಇದೆಯಾ? ದಾಳದಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕೆ ಇಪ್ಪತ್ತು ಬಿದ್ದಾಗ ಎಲ್ಲರೂ ಒಟ್ಟಿಗೆ ಕೂಗುತ್ತೇವಲ್ಲ, ನಮಗೆ ಅದು ಖುಷಿ. ಟೇಬಲ್ ಕೆಳಗೆ ನಿದ್ದೆ ಹೋಗಿದ್ದ ಪ್ರಾಣಿಗೆ ಅದು ಹೆದರಿಕೆ. ಓಡಲು ದಾರಿ ಇಲ್ಲದಿದ್ದರೆ ಎಂಥ ಸಾಧು ನಾಯಿಯೂ ಗುರ್ ಅನ್ನುತ್ತದೆ.

ಈ ಲೆಕ್ಕದಲ್ಲಿ ಜಗಲಿಗೆ ಪೂರ್ತಿ ಅಂಕ. ಕೊಡವರ ಐನ್‌ಮನೆಗಳ ಜಗಲಿಯಲ್ಲಿ ಕಂಬಗಳ ನಡುವೆ ಐಮರ ಅಂತ ದಪ್ಪ ಹಲಗೆ ಇರುತ್ತದೆ, ನೋಡಿರಬಹುದು. ನಮ್ಮ ಮನೆ ಅಷ್ಟು ಹಳೆಯದಲ್ಲ, ಆದರೂ ಅಂಥದೇ ಒಂದು ಹಲಗೆ ಹಾಕಿಸಿದ್ದಾರೆ. ಮೂರು ಜನ ಅದರ ಮೇಲೆ, ಉಳಿದವರು ಬೆತ್ತದ ಕುರ್ಚಿಯಲ್ಲಿ. ನೆಲ ರೆಡ್ ಆಕ್ಸೈಡ್, ಮಧ್ಯಾಹ್ನವೂ ತಣ್ಣಗಿರುತ್ತದೆ. ನಾಯಿಗಳು ಅದಕ್ಕೆ ಹೊಟ್ಟೆ ಒತ್ತಿ ಮಲಗುತ್ತವೆ. ಬೇಕೆನಿಸಿದರೆ ಅಂಗಳಕ್ಕೆ ಇಳಿಯುತ್ತವೆ, ಬೇಡವಾದರೆ ಒಳಗೆ ಹೋಗುತ್ತವೆ. ಡಿಸೆಂಬರ್, ಜನವರಿಯ ಹಗಲಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ತೊಂದರೆಗಳೂ ಇವೆ. ಗಾಳಿಗೆ ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ವಿವರ ಬರೆದ ಹಾಳೆ, ಹಾರುತ್ತದೆ, ಅದಕ್ಕೆ ಪರೀಕ್ಷೆಗೆ ಒಯ್ಯುವ ಕ್ಲಿಪ್ ಇರುವ ರಟ್ಟು ಸಾಕು. ರಸ್ತೆಯಲ್ಲಿ ಆಟೋ ಹೋದಾಗಲೆಲ್ಲ ಕರಿಯ ಬೊಗಳುತ್ತಾನೆ, ಅವನ ಹಿಂದೆ ಬೀಗಲ್ ಊಳಿಡಲು ಶುರು. ಗೇಟಿನ ಕಡೆ ಕಾಣದಂತೆ ಬಿದಿರಿನ ತಡಿಕೆ ನಿಲ್ಲಿಸಿದ ಮೇಲೆ ಅದು ಅರ್ಧಕ್ಕರ್ಧ ಕಡಿಮೆಯಾಯಿತು. ಏಪ್ರಿಲ್ ಮೇ ತಿಂಗಳ ಮಳೆ ಬಿದ್ದ ಸಂಜೆ ರೆಕ್ಕೆ ಹುಳ ಬಲ್ಬಿಗೆ ಮುತ್ತಿಕೊಳ್ಳುತ್ತವೆ, ಚಿನ್ನಿ ಅವನ್ನು ಹಿಡಿಯಲು ಸೀದಾ ಟೇಬಲ್ ಮೇಲೆ ಹಾಸಿದ ಆಟದ ಮ್ಯಾಪಿನ ಮೇಲೇ ಹಾರುತ್ತಾಳೆ. ಆ ದಿನ ಆಟ ಒಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ಹೊಡೆಯುವುದರಿಂದ ಜಗಲಿಯ ಮಾತೇ ಬೇಡ. ಇನ್ನು ರಾತ್ರಿ. ನಮ್ಮ ಕಡೆ ಚಿರತೆ ನಾಯಿಯನ್ನು ಅಂಗಳದಿಂದಲೇ ಎತ್ತಿಕೊಂಡು ಹೋಗುತ್ತದೆ. ಪೇಟೆಯಿಂದ ಬಂದವರಿಗೆ ಇದು ಬೇಗ ತಲೆಗೆ ಹತ್ತುವುದಿಲ್ಲ. ಕತ್ತಲಾಗುವ ಮೊದಲು ಎಲ್ಲ ನಾಯಿಗಳೂ ಒಳಗೆ, ಅದರಲ್ಲಿ ಚೌಕಾಸಿ ಇಲ್ಲ. ರಾತ್ರಿ ಮೂತ್ರಕ್ಕೆ ಕರೆದೊಯ್ಯಬೇಕಾದರೆ ಹಗ್ಗ ಹಾಕಿ, ಟಾರ್ಚ್ ಹಿಡಿದು, ಇಬ್ಬರು ಹೋಗಬೇಕು.

ಕಾಫಿ ಸ್ಟೋರಿನ ಮೇಲೆ ಗೆಳೆಯರಿಗೆಲ್ಲ ಆಸೆ. ಎತ್ತರದ ಮಾಡು, ದಪ್ಪ ಗೋಡೆ, ಗೋಣಿಚೀಲದ ವಾಸನೆ. ರಾಕ್ಷಸರ ಗುಹೆಯ ಕಥೆಗೆ ಹೇಳಿ ಮಾಡಿಸಿದ ಜಾಗ. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಚೆರ್ರಿ (ಹಣ್ಣಾಗಿಯೇ ಒಣಗಿಸಿದ ಕಾಫಿ), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಮೂಟೆ ತುಂಬಿರುತ್ತದೆ, ಎದುರಿನ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಅದರ ಮೇಲೆ ನಾಯಿ ಓಡಾಡಿದರೆ ಯಾವ ಬೆಳೆಗಾರ ಸುಮ್ಮನಿರುತ್ತಾನೆ? ಖಾಲಿ ಇರುವುದು ಮಳೆಗಾಲದಲ್ಲಿ. ಆಗ ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ಕಥೆ ಹೇಳುವವರ ಗಂಟಲು ಒಂದೇ ಗಂಟೆಯಲ್ಲಿ ಕಟ್ಟುತ್ತದೆ.

ಇದನ್ನೆಲ್ಲ ಸಹಿಸಬಹುದು. ನಾನು ಸ್ಟೋರು ಬೇಡವೇ ಬೇಡ ಅನ್ನುವುದು ಅಲ್ಲಿ ಇಟ್ಟಿರುವ ಸಾಮಾನಿಗೆ. ಕಾಫಿಗೆ ಬೋರ್ಡೋ ದ್ರಾವಣ ಹೊಡೆಯಲು ತಂದ ಮೈಲುತುತ್ತು, ಸುಣ್ಣ, ಗೊಬ್ಬರ, ಕಳೆನಾಶಕದ ಕ್ಯಾನು, ಮೂಲೆಯಲ್ಲಿ ಇಲಿ ಪಾಷಾಣ. ನಾವು ಮೂಟೆಯನ್ನು ಎತ್ತರದಲ್ಲಿಡಬಹುದು, ನೆಲದ ಮೇಲೆ ಚೆಲ್ಲಿದ ಪುಡಿಯನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ನಾಯಿ ಪಾದ ನೆಕ್ಕುತ್ತದೆ, ಬೆಕ್ಕು ಮೈಯೆಲ್ಲ ನೆಕ್ಕುತ್ತದೆ. ಇಲಿ ಪಾಷಾಣದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆ ಇನ್ನೂ ಮೋಸದ್ದು. ತಿಂದ ದಿನ ಪ್ರಾಣಿ ಚೆನ್ನಾಗೇ ಇರುತ್ತದೆ, ಕೆಲವು ದಿನ ಕಳೆದ ಮೇಲೆ ಒಳಗೊಳಗೇ ರಕ್ತ ಸೋರುತ್ತದೆ. ಅಷ್ಟು ಹೊತ್ತಿಗೆ ಗೆಳೆಯರು ಬೆಂಗಳೂರು ಸೇರಿರುತ್ತಾರೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಸಾಕುಪ್ರಾಣಿ ಇಲ್ಲದವರು ಸ್ಟೋರಿನಲ್ಲಿ ಖುಷಿಯಾಗಿ ಆಡಲಿ. ಇರುವವರು ಬಾಗಿಲಿಗೆ ಬೀಗ ಹಾಕಿ.

ಹೋಂಸ್ಟೇಯಲ್ಲಿ ಅಡುಗೆ, ಹಾಸಿಗೆಯ ಚಿಂತೆ ಇಲ್ಲ, ಅದು ನಿಜವಾದ ಆರಾಮ. ಆದರೆ ನಾವು ಹೋದ ಕಡೆ ಮಧ್ಯಾಹ್ನ ಒಂದಕ್ಕೆ ಒಳಗೆ ಬಿಡುತ್ತಿದ್ದರು, ಮರುದಿನ ಹನ್ನೊಂದಕ್ಕೆ ಖಾಲಿ ಮಾಡಬೇಕಿತ್ತು. ಊಟ, ತಿಂಡಿ, ನಾಯಿ ಸುತ್ತಾಡಿಸುವುದು ಕಳೆದರೆ ಉಳಿಯುವುದು ಒಂದು ಸಂಜೆ. ಭಾನುವಾರದ ಸೆಷನ್ ಇಲ್ಲವೇ ಇಲ್ಲ. ನಾಯಿ ತರಬಹುದು ಅಂದಿದ್ದರು, ಹೋದ ಮೇಲೆ ರಾತ್ರಿ ಹೊರಗೆ ಕಟ್ಟಬೇಕು ಅಂದರು. ಪಕ್ಕದ ಗುಂಪಿನವರು ಬೆಂಕಿ ಹಾಕಿ ಸ್ಪೀಕರ್ ಹಚ್ಚಿದರು. ಲ್ಯಾಬ್ ನಡುಗುತ್ತಾ ಕೂತಿತ್ತು, ಕೊನೆಗೆ ಅದು ಕಾರಿನಲ್ಲಿ ನನ್ನ ಗೆಳತಿಯ ಪಕ್ಕ ಮಲಗಿತು. ಹೋಂಸ್ಟೇಯೇ ಬೇಕು ಅನ್ನುವವರು ಬುಕ್ ಮಾಡುವ ಮೊದಲು ಮೂರು ಮಾತು ಕೇಳಿ: ನಾಯಿ ರಾತ್ರಿ ಎಲ್ಲಿ ಮಲಗಬೇಕು, ಬೇರೆ ಗುಂಪು ಇರುತ್ತದಾ, ಭಾನುವಾರ ಸಂಜೆವರೆಗೆ ಇರಬಹುದಾ.

ಉಳಿದದ್ದು ಊಟದ ಕೋಣೆ. ನೋಡಲು ವಿಶೇಷ ಏನಿಲ್ಲ, ಆರು ಜನ ಕೂತರೆ ಮೊಣಕೈ ತಾಗುತ್ತದೆ. ಆದರೆ ಮಳೆಗಾಲ, ರಾತ್ರಿ ಎರಡಕ್ಕೂ ಒದಗುವುದು ಇದೊಂದೇ. ಪಕ್ಕದ ಮಲಗುವ ಕೋಣೆಯನ್ನು ನಾಯಿಗಳಿಗೆ ಬಿಟ್ಟುಕೊಡುತ್ತೇವೆ. ಅವರವರ ಮನೆಯಿಂದ ತಂದ ಹಾಸಿಗೆ, ನೀರಿನ ಬಟ್ಟಲು ಅಲ್ಲಿ. ಬಾಗಿಲು ಅರ್ಧ ತೆರೆದೇ ಇರುತ್ತದೆ, ಒಳಗೆ ಮಲಗಿದ ನಾಯಿಯನ್ನು ಯಾರೂ ಹೋಗಿ ಮುದ್ದಾಡುವಂತಿಲ್ಲ. ಚಿನ್ನಿಗೆ ಅಲ್ಮೇರಾದ ಮೇಲೊಂದು ಜಾಗ. ಜೊತೆಗೆ ಕಥೆ ನಡೆಸುವವರ ಪಕ್ಕದ ಕುರ್ಚಿಯಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆ ಇದ್ದ ದಿನ ಅವಳು ಅದರಲ್ಲಿ, ಇಲ್ಲದ ದಿನ ಮ್ಯಾಪಿನ ಮೇಲೆ. ಅಡುಗೆಮನೆಯ ಬಾಗಿಲು ಮಾತ್ರ ಭದ್ರ.

ಕೋಣೆ ಯಾವುದಾದರೂ ಸರಿ, ನಾಯಿಗಳ ಮೊದಲ ಭೇಟಿ ಮನೆಯೊಳಗೆ ಬೇಡ. ಗೇಟಿನ ಹೊರಗೆ ಇಳಿಸಿ, ತೋಟದ ದಾರಿಯಲ್ಲಿ ಒಂದಕ್ಕೊಂದು ಸ್ವಲ್ಪ ದೂರದಲ್ಲಿ, ಒಂದೇ ದಿಕ್ಕಿನಲ್ಲಿ ನಡೆಸಿ. ಅರ್ಧ ಗಂಟೆ ನಡೆದು ಬಂದ ನಾಯಿಗಳು ಜೊತೆಯಾಗಿ ಒಳಗೆ ಬಂದು ನೀರು ಕುಡಿದು ಮಲಗುತ್ತವೆ. ಮಳೆಗಾಲದಲ್ಲಿ ವಾಪಸ್ ಬಂದ ಕೂಡಲೇ ಬೆರಳ ಸಂದು, ಕಿವಿ, ಮೂಗು ನೋಡಿ, ಜಿಗಣೆ ಇರುತ್ತದೆ.

ಈಗ ಟೇಬಲ್ ಮೇಲಿನ ಸಾಮಾನು. ಇಲ್ಲಿ ನಮ್ಮಲ್ಲೇ ಎರಡು ಪಕ್ಷ. ಗೋಣಿಕೊಪ್ಪದವನಿಗೆ ಬಣ್ಣ ಹಚ್ಚಿದ ಪುಟಾಣಿ ಬೊಂಬೆಗಳೇ ಬೇಕು. ಮ್ಯಾಪಿನ ಒಂದು ಇಂಚಿನ ಚೌಕ ಕಥೆಯಲ್ಲಿ ಐದು ಅಡಿಗೆ ಸಮ, ಯಾರು ಎಲ್ಲಿದ್ದಾರೆ ಅಂತ ಜಗಳ ಇಲ್ಲ. ನನಗೂ ಅದು ಇಷ್ಟ. ಆದರೆ ಬೆಕ್ಕಿನ ಬಾಲ ಒಮ್ಮೆ ಆಡಿದರೆ ಇಡೀ ಯುದ್ಧ ನೆಲಕ್ಕೆ, ನೆಲದಿಂದ ಲ್ಯಾಬಿನ ಬಾಯಿಗೆ. ಬೊಂಬೆಯ ಕೆಳಗೆ ಅಯಸ್ಕಾಂತ ಅಂಟಿಸಿ ಸ್ಟೀಲ್ ಟ್ರೇ ಮೇಲೆ ನಿಲ್ಲಿಸುವ ಉಪಾಯ ಗಟ್ಟಿಯೇನೋ ಹೌದು. ಕಿತ್ತುಬಂದ ಎರಡು ಅಯಸ್ಕಾಂತ ನಾಯಿ ನುಂಗಿದರೆ ಕರುಳನ್ನು ನಡುವೆ ಹಿಡಿದು ತೂತು ಮಾಡುತ್ತವೆ. ಅದು ಬೇಡ. ಚೆನ್ನೆಮಣೆಯ ಮಂಜಾಡಿ ಬೀಜವನ್ನು ಶತ್ರುಗಳಾಗಿ ಇಡೋಣ ಅಂದರು ಒಬ್ಬರು. ಡಬ್ಬಿಯಲ್ಲಿ ಅದರ ಜೊತೆ ಗುಲಗಂಜಿ ಬೆರೆತಿದ್ದರೆ? ಕೆಂಪು ಬೀಜಕ್ಕೆ ಕಪ್ಪು ಚುಕ್ಕೆ ಇದ್ದರೆ ಅದು ಗುಲಗಂಜಿ, ಜಗಿದರೆ ಘೋರ ವಿಷ. ಕಾಫಿ ಬೀಜವೂ ಬೇಡ, ಕೆಫೀನ್ ನಾಯಿಗೂ ಬೆಕ್ಕಿಗೂ ಆಗುವುದಿಲ್ಲ. ನಾವೀಗ ದಪ್ಪ ಕಾಗದದಲ್ಲಿ ಚಿತ್ರ ಬರೆದು ಬೈಂಡರ್ ಕ್ಲಿಪ್ಪಿಗೆ ಸಿಕ್ಕಿಸಿ ನಿಲ್ಲಿಸುತ್ತೇವೆ. ಬಿದ್ದರೆ ಕಣ್ಣಿಗೆ ಬೀಳುತ್ತದೆ, ನುಂಗಲು ಸುಲಭವಲ್ಲ.

ದಾಳಕ್ಕೆ ಸ್ಟೀಲ್ ತಟ್ಟೆ, ಮೊರ ಎರಡನ್ನೂ ನೋಡಿದೆವು. ತಟ್ಟೆಯಲ್ಲಿ ಟಣ್ ಅಂದ ಕೂಡಲೇ ಕರಿಯನ ಕಿವಿ ನಿಲ್ಲುತ್ತದೆ, ಅವನ ಊಟದ ತಟ್ಟೆಯೂ ಹಾಗೇ ಸದ್ದು ಮಾಡುವುದು. ಮೊರವೇ ಸರಿ. ಅಡುಗೆಮನೆಯ ಹಳೆಯ ಬಿದಿರಿನ ಮೊರಕ್ಕೆ ಕಂಬಳಿ ತುಂಡು ಹಾಸಿದ್ದೇವೆ. ದಾಳ ಸದ್ದಿಲ್ಲದೆ ಉರುಳಿ, ಅಂಚಿಗೆ ಬಡಿದು, ಒಳಗೇ ನಿಲ್ಲುತ್ತದೆ. ತೆರೆದ ಬದಿಯನ್ನು ಗೋಡೆಗೆ ಒತ್ತಿಟ್ಟರೆ ಆಯಿತು. ನಾಲ್ಕು ಮುಖದ ದಾಳ ಎಲ್ಲಕ್ಕಿಂತ ಚಿಕ್ಕದು, ಚೂಪು ಬೇರೆ. ಪ್ರತಿ ಸೆಷನ್ ಮುಗಿದಾಗ ದಾಳ ಎಣಿಸಿ ಡಬ್ಬಿಗೆ ಹಾಕುತ್ತೇವೆ.

ಆಟಗಳಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಾಣಿಗಳಿರುವ ಮನೆಗೆ ಚೆನ್ನಾಗಿ ಹೊಂದುತ್ತದೆ. ಯುದ್ಧದಲ್ಲಿ ಸರದಿ ಇರುತ್ತದಲ್ವಾ, ಈಗಷ್ಟೇ ಸರದಿ ಮುಗಿಸಿದವರು ನಾಯಿಯನ್ನು ಹೊರಗೆ ಕರೆದೊಯ್ಯುತ್ತಾರೆ. ಮತ್ತೆ ಅವರ ಸರದಿ ಬರುವಷ್ಟರಲ್ಲಿ ವಾಪಸ್, ಯಾರೂ ಕಾಯಬೇಕಿಲ್ಲ. 1981ರಲ್ಲಿ ಬಂದ ಕಾಲ್ ಆಫ್ ಕ್ಥುಲು ಭಯದ ಆಟ. ಮಂಜು ಕವಿದು ಕರೆಂಟ್ ಹೋದ ರಾತ್ರಿ ಅದರ ರುಚಿಯೇ ಬೇರೆ, ಆದರೆ ಅದಕ್ಕೆ ಮೌನ ಬೇಕು. ಬೀಗಲ್ ಇರುವ ಮನೆಯಲ್ಲಿ ಮೌನ ಸಿಗುವುದು ಅದು ಮಲಗಿದ ಮೇಲೆ. ಹಾಗಾಗಿ ಅದು ರಾತ್ರಿ ಒಂಬತ್ತರ ನಂತರದ ಆಟ.

ಊಟದ ವಿಷಯದಲ್ಲಿ ಅಮ್ಮ ಹೇಳಿದ್ದೇ ಕಾನೂನು. ಹಂದಿ ಸಾರಿನ ಘಮ ಬಂದರೆ ಮೂರೂ ನಾಯಿಗಳು ಕುರ್ಚಿಯ ಪಕ್ಕ ಸಾಲಾಗಿ ಕೂರುತ್ತವೆ, ಕಡಂಬಿಟ್ಟಿನ (ಅಕ್ಕಿ ತರಿಯ ಉಂಡೆ) ಒಂದು ತುಂಡನ್ನು ಸಾರಿನಲ್ಲಿ ಅದ್ದಿ ಕೊಡೋಣ ಅನಿಸುತ್ತದೆ. "ಕೊಡಬೇಡಿ ಮಕ್ಕಳೇ, ಆಮೇಲೆ ರಾತ್ರಿ ಎದ್ದು ನಾನು ಒರೆಸಬೇಕು" ಅಂತ ಅಮ್ಮ. ಒರೆಸುವುದಷ್ಟೇ ಅಲ್ಲ. ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ರಕ್ತಕಣವನ್ನೇ ಒಡೆಯುತ್ತವೆ, ಕೊಬ್ಬು ಜಾಸ್ತಿಯಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ, ಬೆಂದ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಆಟದ ನಡುವೆ ಕುರುಕಲು ತಿನ್ನುವಾಗ ಚಾಕಲೇಟ್, ಒಣದ್ರಾಕ್ಷಿ ಟೇಬಲ್ ಮೇಲೆ ಇಡುವುದಿಲ್ಲ, ಎರಡೂ ನಾಯಿಗೆ ವಿಷ. ಅದರ ಬದಲು ಬಾಳೆಕಾಯಿ ಚಿಪ್ಸ್, ಹುರಿದ ಕಡಲೆಕಾಯಿ. ನಾಯಿಗಳಿಗೆ ನಮಗಿಂತ ಮೊದಲೇ, ಬೇರೆ ಬೇರೆ ಮೂಲೆಯಲ್ಲಿ, ಉಪ್ಪು ಖಾರ ಹಾಕದ ಅನ್ನ ಮತ್ತು ಬೇಯಿಸಿದ ಕೋಳಿ. ತಟ್ಟೆ ಎತ್ತಿಟ್ಟ ಮೇಲೆಯೇ ನಮ್ಮ ಎಲೆ ಹಾಕುವುದು.