ಜೆಟ್ ಏರ್‌ವೇಸ್ ಹೆಸರು ಹೇಳಿ ದುಡ್ಡು ಕೊಡದ ಏಜೆಂಟ್ ಇದ್ದರೆ ಮೊದಲು ಟಿಕೆಟ್ ನಂಬರ್ ನೋಡಿ

2019ರ ಏಪ್ರಿಲ್‌ನಲ್ಲಿ ಟ್ರಾವೆಲ್ ಏಜೆಂಟ್ ಮೂಲಕ ಜೆಟ್ ಟಿಕೆಟ್ ಮಾಡಿಸಿ ದುಡ್ಡು ಕಳೆದುಕೊಂಡವರು ದಯವಿಟ್ಟು ಆ ಹಳೇ ಹಾಳೆ ಹುಡುಕಿ ತೆಗೆಯಿರಿ. ನಿಮ್ಮ ದುಡ್ಡು ವಿಮಾನ ಕಂಪನಿಗೆ ಹೋಗೇ ಇರಲಿಕ್ಕಿಲ್ಲ. ನಮ್ಮದು ಹೋಗಿರಲಿಲ್ಲ. ಗೊತ್ತಾಗಿದ್ದು ಈಗ.

ತಂಗಿ ಇರುವುದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅವಳ ಬಾಣಂತನಕ್ಕೆ ಅಪ್ಪ ಅಮ್ಮ ಹೊರಟಿದ್ದರು. ಬೆಂಗಳೂರಿನಿಂದ ಜೆಟ್‌ನ ನೇರ ವಿಮಾನ ಇತ್ತು. ಅಪ್ಪನಿಗಂತೂ ಜೆಟ್ ಅಂದರೆ ಮುಗೀತು. 1993ರಲ್ಲಿ ಅದು ಶುರುವಾದಾಗಿನಿಂದ ಆಫೀಸ್ ಕೆಲಸಕ್ಕೆ ಓಡಾಡಿದವರು, ಸರ್ಕಾರಿ ವಿಮಾನಕ್ಕೆ ಕಾದು ಕಾದು ಸಾಕಾದವರು. ಆದರೆ ಆ ಹೊತ್ತಿಗೆ ಪೇಪರ್ ತುಂಬ ಅದೇ ಸುದ್ದಿ: ಸಾಲ 8,000 ಕೋಟಿ ದಾಟಿದೆ, ಪೈಲಟ್‌ಗಳಿಗೆ ಸಂಬಳ ಇಲ್ಲ, ಬಾಡಿಗೆ ಕಟ್ಟದೆ ವಿಮಾನಗಳು ನಿಂತಿವೆ, ಮಾರ್ಚ್ 25ಕ್ಕೆ ಜೆಟ್ ಕಟ್ಟಿದ ನರೇಶ್ ಗೋಯಲ್ ಅವರೇ ಆಡಳಿತ ಮಂಡಳಿಯಿಂದ ಇಳಿದರು. ಅದಕ್ಕೇ ಏಜೆಂಟ್‌ನನ್ನು ನೇರವಾಗಿ ಕೇಳಿದೆ. ಆತ ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ: "ಮೇಡಂ, ಇದೇನ್ ಕಿಂಗ್‌ಫಿಷರ್ ಅಲ್ಲ. 25 ವರ್ಷದ ಕಂಪನಿ, ಈಗ ಎಸ್‌ಬಿಐನೋರೇ ಕೈ ಹಾಕಿದಾರೆ. ಕಾರ್ಡ್ ಬೇಡ, ಚಾರ್ಜ್ ಬೀಳುತ್ತೆ, ಅಕೌಂಟ್‌ಗೆ ಹಾಕ್ಬಿಡಿ." ಹಾಕಿದೆವು.

ಏಪ್ರಿಲ್ 10ಕ್ಕೆ ಅದೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಾಕಿ ಕೊಟ್ಟಿಲ್ಲ ಅಂತ ಕಾರ್ಗೋದವರು ಜೆಟ್ ವಿಮಾನವನ್ನೇ ಹಿಡಿದಿಟ್ಟುಕೊಂಡರು. ಬ್ಯಾಂಕುಗಳು ತುರ್ತು ಸಾಲ ಕೊಡಲಿಲ್ಲ. 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಹಾರಿದ್ದೇ ಕೊನೆ. ನೂರಕ್ಕೂ ಹೆಚ್ಚು ವಿಮಾನ ಹಾರಿಸಿದ ಕಂಪನಿ, 2007ರಲ್ಲಿ 1,450 ಕೋಟಿ ಕೊಟ್ಟು ಏರ್ ಸಹಾರಾವನ್ನೇ ಕೊಂಡ ಕಂಪನಿ! ತಂಗಿ ಫೋನಿನಲ್ಲಿ ಅತ್ತಳು. ಅಮ್ಮ ಕಟ್ಟಿಟ್ಟ ಅಂಟಿನುಂಡೆ, ಮೆಂತ್ಯದ ಪುಡಿ ಎಲ್ಲ ಸೂಟ್‌ಕೇಸಿನಲ್ಲೇ ಉಳಿಯಿತು.

ಆಮೇಲೆ ದುಡ್ಡು ವಾಪಸ್ ಕೇಳಿದಾಗಲೆಲ್ಲ ಶುರುವಾದವು ನೋಡಿ ಏಜೆಂಟ್‌ನ ಉತ್ತರಗಳು. ಜೂನ್‌ನಲ್ಲಿ ಪ್ರಕರಣ ದಿವಾಳಿ ಕಂಪನಿಗಳ ವಿಚಾರಣೆ ನಡೆಸುವ ಎನ್‌ಸಿಎಲ್‌ಟಿಗೆ ಹೋದಾಗ, "ನೀವೇನೂ ಓಡಾಡ್ಬೇಡಿ, ಎಲ್ಲಾ ಕಸ್ಟಮರ್ಸ್ ಪರವಾಗಿ ನಾವೇ ಕ್ಲೇಮ್ ಹಾಕಿದೀವಿ." 2021ರಲ್ಲಿ ಜೆಟ್ ಕೊಳ್ಳಲು ಮುಂದೆ ಬಂದ ಜಲಾನ್-ಕಾಲ್‌ರಾಕ್‌ನವರ ಯೋಜನೆಗೆ ಒಪ್ಪಿಗೆ ಸಿಕ್ಕಾಗ, "ಹೊಸ ಓನರ್ ಬಂದ್ರಲ್ಲ, ವಿಮಾನ ಹಾರ್ಲಿ, ಕೊಡ್ತಾರೆ." 2023ರಲ್ಲಿ ಕೆನರಾ ಬ್ಯಾಂಕಿನ 538 ಕೋಟಿ ಸಾಲದ ಪ್ರಕರಣದಲ್ಲಿ ಇ.ಡಿ.ಯವರು ಗೋಯಲ್ ಅವರನ್ನು ಬಂಧಿಸಿದಾಗ, "ಅವರೇ ಒಳಗಿದಾರೆ, ಯಾರನ್ನ ಕೇಳೋಣ ಹೇಳಿ?" 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಆಸ್ತಿ ಮಾರಿ ಮುಚ್ಚಿ ಅಂತ ಆದೇಶ ಕೊಟ್ಟ ಮೇಲಂತೂ ಆತನ ದನಿಯಲ್ಲಿ ಒಂಥರಾ ಸಮಾಧಾನ. "ಮುಗೀತು ಮೇಡಂ. ಬಿಟ್ಬಿಡಿ."

ಬಿಡಲು ಮನಸ್ಸಾಗಲಿಲ್ಲ. ಜೆಟ್‌ನ ಆಸ್ತಿ ಮಾರಿ ಬಾಕಿ ಹಂಚುವ ಲಿಕ್ವಿಡೇಟರ್‌ಗೆ ನಾವೇ ಬರೆಯೋಣ ಅಂತ ಕಾಗದ ಜೋಡಿಸುತ್ತಿದ್ದೆ. ಟಿಕೆಟಿಂಗ್‌ನಲ್ಲೇ ಕೆಲಸ ಮಾಡುವ ಗೆಳತಿ ಹಾಳೆ ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ಟಿಕೆಟ್ ನಂಬರ್ ಎಲ್ಲಿದೆ?" ಅಂದಳು. ಆರು ಅಕ್ಷರದ ಪಿಎನ್‌ಆರ್, ಅಂದರೆ ಬುಕಿಂಗ್ ನಂಬರ್ ಇತ್ತು, ಹೆಸರು, ಸಮಯ, ಊಟದ ಆಯ್ಕೆ ಕೂಡ ಇತ್ತು. 13 ಅಂಕಿಯ ಇ-ಟಿಕೆಟ್ ನಂಬರ್ ಇರಲಿಲ್ಲ. ಅಂದರೆ ಸೀಟು ಬ್ಲಾಕ್ ಮಾಡಿ ಹಾಳೆ ಪ್ರಿಂಟ್ ಹೊಡೆದು ಕೊಟ್ಟಿದ್ದಾನೆ, ಟಿಕೆಟ್ ಮಾಡಿಸೇ ಇಲ್ಲ. ಮಾಡಿಸೇ ಇಲ್ಲ! ಅಪ್ಪನ ನಿವೃತ್ತಿ ದುಡ್ಡು ಇಷ್ಟು ವರ್ಷ ಆತನ ಗಲ್ಲಾಪೆಟ್ಟಿಗೆಯಲ್ಲೇ ಇತ್ತು, ನಾವು ಶಾಪ ಹಾಕುತ್ತಿದ್ದದ್ದು ಸತ್ತುಹೋದ ಕಂಪನಿಗೆ. ಅಪ್ಪನಿಗೆ ಇದನ್ನು ಹೇಳುವಾಗ ಮುಖ ಎತ್ತಲಾಗಲಿಲ್ಲ.

ಫೋನ್ ಮಾಡಿ ನಂಬರ್ ಕೇಳಿದೆ. "ಅದು ಸಿಸ್ಟಮ್‌ನಲ್ಲಿರುತ್ತೆ." ಸಿಸ್ಟಮ್‌ನಿಂದ ತೆಗೆದುಕೊಡಿ ಅಂದೆ. "ಹಳೇ ಸಿಸ್ಟಮ್ ಹೋಯ್ತು." ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ, ದೂರು ಕೊಡ್ತೀನಿ ಅಂದೆ. "ಕೊಡಿ ಮೇಡಂ, ಜೆಟ್ ಮೇಲೆ ಕೊಡಿ." ಹೀಗೇ ಅಂದ.

ಗೋ ಫಸ್ಟ್ ಅನ್ನುವ ಇನ್ನೊಂದು ವಿಮಾನ ಕಂಪನಿಯ ಹಾರಾಟ 2023ರ ಮೇನಲ್ಲಿ ನಿಂತಾಗಲೂ ಈತ ಟಿಕೆಟ್ ಮಾಡಿಸಿಕೊಡುತ್ತಿದ್ದ, ಈಗಲೂ ಮಾಡಿಸುತ್ತಾನೆ, ಬೋರ್ಡು ಮಾತ್ರ ಹೊಸದು. ಯಾವ ಏಜೆಂಟ್ ಆದರೂ ಸರಿ, ಹಾಳೆ ಕೈಗೆ ಬಂದ ದಿನವೇ ಆ 13 ಅಂಕಿ ಕೇಳಿ, ವಿಮಾನ ಕಂಪನಿಗೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಕಾರ್ಡ್ ಬೇಡ ಅಂದರೆ ಎದ್ದು ಬನ್ನಿ. ಕಾರ್ಡ್‌ನಲ್ಲಿ ಕಟ್ಟಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ದುಡ್ಡು ವಾಪಸ್ ಕೇಳುವ ದಾರಿಯಾದರೂ ಇರುತ್ತಿತ್ತು. ನಾನು ಪೊಲೀಸ್ ಠಾಣೆಗೆ ದೂರು ಬರೆದಿಟ್ಟಿದ್ದೇನೆ. ನಂಬರ್ ಇಲ್ಲದ ಇಂಥದೇ ಹಾಳೆ ನಿಮ್ಮ ಬಳಿಯೂ ಇದ್ದರೆ ತಿಳಿಸಿ, ಸೋಮವಾರ ಒಟ್ಟಿಗೇ ಹೋಗೋಣ.