ಮಡಿಕೇರಿಯಲ್ಲಿ ನಡೆದ ಸಿಮ್ಯುಲೇಶನ್ ತಂಡ ತರಬೇತಿ: ಕರೆಸುವ ಮುನ್ನ ಕೇಳಿಕೊಳ್ಳಬೇಕಾದದ್ದು

ಎಂಬಿಬಿಎಸ್ ಮತ್ತು ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿಗಳನ್ನು ಒಂದೇ ತಂಡದಲ್ಲಿ ಸೇರಿಸಿ, ರೋಗಿಯಂತೆ ವರ್ತಿಸುವ ಬೊಂಬೆಗಳಾದ ಮ್ಯಾನಿಕಿನ್‌ಗಳ ಮೇಲೆ ತುರ್ತು ಚಿಕಿತ್ಸೆ ಅಭ್ಯಾಸ ಮಾಡಿಸುವ ತರಬೇತಿಯೊಂದನ್ನು ಹೊರಗಿನ ಖಾಸಗಿ ಸಂಸ್ಥೆಯೊಂದು ಮಡಿಕೇರಿಗೆ ಬಂದು ನಡೆಸಿಕೊಟ್ಟಿತು. ನರ್ಸಿಂಗ್ ಬೋಧಕಿಯಾಗಿ ವಿದ್ಯಾರ್ಥಿಗಳ ಜೊತೆಗಿದ್ದು ನೋಡಿದ್ದನ್ನು, ಇಂಥ ತರಬೇತಿಯನ್ನು ತಮ್ಮ ಕಾಲೇಜಿಗೆ ಕರೆಸಬೇಕೆಂದಿರುವವರಿಗಾಗಿ ಬರೆಯುತ್ತಿದ್ದೇನೆ.

ಸಲಕರಣೆಗಳ ಬಗ್ಗೆ ದೂರಿಲ್ಲ. ಮ್ಯಾನಿಕಿನ್‌ನ ಎದೆ ಏರಿಳಿಯುತ್ತದೆ, ನಾಡಿ ಸಿಗುತ್ತದೆ, ಮಾನಿಟರಿನ ಅಂಕಿಗಳನ್ನು ತರಬೇತುದಾರರು ಟ್ಯಾಬ್‌ನಿಂದಲೇ ಬದಲಿಸುತ್ತಾರೆ. ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ಚಿಕಿತ್ಸೆ) ಮಾಡುವಾಗ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿದ್ದೇವೆಯೇ ಎಂಬುದು ಆಗಿಂದಾಗಲೇ ಪರದೆಯ ಮೇಲೆ ಕಾಣುತ್ತದೆ. ಆದರೆ ಇದಿಷ್ಟನ್ನೂ ಕಾಲೇಜಿನ ಸ್ಕಿಲ್ ಲ್ಯಾಬ್‌ನಲ್ಲಿ ಒಬ್ಬೊಬ್ಬರೇ ಕಲಿಯಬಹುದು. 2019ರ ಎಂಬಿಬಿಎಸ್ ಪಠ್ಯಕ್ರಮ ಅಂಥ ಲ್ಯಾಬ್ ಅನ್ನು ಕಡ್ಡಾಯವೇ ಮಾಡಿದೆ. ಹಣ ಕೊಟ್ಟು ಕರೆಸುವುದು ಲ್ಯಾಬ್‌ನಲ್ಲಿ ಸಿಗದ ತಂಡದ ಅಭ್ಯಾಸಕ್ಕಾಗಿ.

ಅದು ಸಿಕ್ಕಿದ್ದು ಹೆರಿಗೆಯ ನಂತರದ ರಕ್ತಸ್ರಾವದ ಸನ್ನಿವೇಶದಲ್ಲಿ. ತಂಡದ ನಾಯಕನಾಗಿದ್ದ ವೈದ್ಯ ವಿದ್ಯಾರ್ಥಿ ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತಸ್ರಾವ ತಡೆಯುವ ಔಷಧಕ್ಕಾಗಿ "ಆಕ್ಸಿಟೋಸಿನ್ ಕೊಡಿ" ಎಂದು ಯಾರ ಮುಖವನ್ನೂ ನೋಡದೆ ಹೇಳಿದ. ಕೊಟ್ಟಿರಬೇಕೆಂದು ಒಬ್ಬರು ಇನ್ನೊಬ್ಬರ ಮೇಲೆ ನಂಬಿಕೆಯಿಟ್ಟುಕೊಂಡು ನಿಂತರೇ ಹೊರತು ಔಷಧದ ಆಂಪೂಲ್ (ಗಾಜಿನ ಪುಟ್ಟ ಶೀಶೆ) ಒಡೆದವರಿಲ್ಲ. ಎರಡನೆಯ ಸುತ್ತಿನಲ್ಲಿ ಹೆಸರು ಹಿಡಿದು ಹೇಳುವುದು, ಕೇಳಿಸಿಕೊಂಡವರು "10 ಯೂನಿಟ್, ಸ್ನಾಯುವಿಗೆ" ಎಂದು ತಿರುಗಿ ಹೇಳುವುದು, ಮುಗಿದ ಮೇಲೆ "ಕೊಟ್ಟಾಯಿತು" ಎಂದು ಎಲ್ಲರಿಗೂ ಕೇಳುವಂತೆ ತಿಳಿಸುವುದು ರೂಢಿಯಾಯಿತು. ಬಟ್ಟೆಯಲ್ಲಿ ನೆನೆದ ರಕ್ತ ಲೆಕ್ಕಕ್ಕೆ ಬಂದಿಲ್ಲವೆಂದು "ಡಾಕ್ಟ್ರೇ, ಇದನ್ನೂ ತೂಗಬೇಕಲ್ಲವೇ?" ಎಂದವಳು ನಮ್ಮ ನರ್ಸಿಂಗ್ ವಿದ್ಯಾರ್ಥಿನಿ. ವಾರ್ಡಿನಲ್ಲಾದರೆ ಅವಳು ಬಾಯಿ ಬಿಡುತ್ತಿರಲಿಲ್ಲವೆಂದು ನಾನು ಖಂಡಿತವಾಗಿ ಹೇಳಬಲ್ಲೆ.

ಸನ್ನಿವೇಶ ಮುಗಿದ ಮೇಲಿನ ಡಿಬ್ರೀಫಿಂಗ್, ಅಂದರೆ ನಡೆದದ್ದರ ಬಗೆಗಿನ ಚರ್ಚೆ, ಇನ್ನೂ ಚೆನ್ನಾಗಿತ್ತು. ತರಬೇತುದಾರರು ತಪ್ಪುಗಳನ್ನು ಎಣಿಸುತ್ತ ಕೂರದೆ, "ಆ ಹೊತ್ತಿಗೆ ನಿಮಗೆ ಏನು ಅನ್ನಿಸಿತ್ತು?" ಎಂದು ಕೇಳಿ ವಿದ್ಯಾರ್ಥಿಗಳಿಂದಲೇ ಉತ್ತರ ಹೊರಡಿಸಿದರು. ಈ ಚರ್ಚೆಗೆ ಸನ್ನಿವೇಶಕ್ಕಿಂತ ಹೆಚ್ಚು ಸಮಯ ಬೇಕು. ಆದರೆ ಮಧ್ಯಾಹ್ನದ ಊಟ ತಡವಾದದ್ದರಿಂದ ಕೊನೆಯ ಸನ್ನಿವೇಶಗಳಿಗೆ ಚರ್ಚೆಯೇ ನಡೆಯಲಿಲ್ಲ. ಅಭಿಪ್ರಾಯದ ಹಾಳೆ ತುಂಬಿಸಿಕೊಂಡು ಕಳುಹಿಸಿದರು. ಎರಡು ಸನ್ನಿವೇಶ ಕಡಿಮೆ ಮಾಡಿದ್ದರೂ ನಷ್ಟವಿರಲಿಲ್ಲ.

ನನ್ನ ದೊಡ್ಡ ಆಕ್ಷೇಪ ಬೇರೆಯದು. ರಕ್ತನಿಧಿಯೂ ಐಸಿಯುವೂ ಪಕ್ಕದಲ್ಲೇ ಇರುವ ನಗರದ ಆಸ್ಪತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಎಲ್ಲವನ್ನೂ ಹೆಣೆಯಲಾಗಿತ್ತು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವ ಕೊಡಗಿನಲ್ಲಿ, ರೋಗಿಯನ್ನು ಮೈಸೂರಿಗೆ ಕಳುಹಿಸುವ ಮುನ್ನ ಫೋನಿನಲ್ಲಿ ಪರಿಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಬೇಕಾದ ನೆರವು ಇಷ್ಟನ್ನು ಕ್ರಮವಾಗಿ ಹೇಳುವುದೂ ತಂಡದ ಕೆಲಸವೇ. ಕಾಫಿ ತೋಟದಲ್ಲಿ ಹಾವು ಕಚ್ಚಿಸಿಕೊಂಡು ಬಂದವರ ಸನ್ನಿವೇಶ ಇರಲೇಬೇಕಿತ್ತು: ಪುಡಿಯ ರೂಪದ ವಿಷನಿರೋಧಕದ ಹತ್ತು ವಯಲ್‌ಗಳನ್ನು ಒಂದೊಂದಾಗಿ ಕರಗಿಸುವವರು ಯಾರು, ಅಲರ್ಜಿಯ ಲಕ್ಷಣ ಕಂಡೀತೆಂದು ಅದಕ್ಕೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ತೆಗೆದಿಟ್ಟು ಕಾಯುವವರು ಯಾರು, ಉಸಿರಾಟ ಗಮನಿಸುವವರು ಯಾರು ಎಂಬ ಹಂಚಿಕೆಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮ್ಯಾನಿಕಿನ್ ಇಂಗ್ಲಿಷಿನಲ್ಲಿ ನರಳುತ್ತಿದ್ದುದನ್ನು ಕಂಡು ನಗುವೂ ಬಂತು. ಇದನ್ನು ಹೇಳಿದಾಗ ತರಬೇತುದಾರರು ಬೇಸರಿಸಿಕೊಳ್ಳದೆ, ರೋಗಿಯ ತಾಯಿಯ ಪಾತ್ರವನ್ನು ನಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ಕೊಟ್ಟು ಕೊಡವ ತಕ್ಕಿನಲ್ಲಿ ಮಾತಾಡಿಸಿದರು. ನಾಯಕನಿಗೆ ಒಂದಕ್ಷರವೂ ತಿಳಿಯಲಿಲ್ಲ. ತಿಳಿದಿದ್ದ ನರ್ಸಿಂಗ್ ವಿದ್ಯಾರ್ಥಿ ಮುಂದೆ ಬಂದು ಔಷಧದ ಅಲರ್ಜಿಯ ವಿಷಯವನ್ನು ದಾಟಿಸಿದ.

ಕರೆಸುವುದಾದರೆ ಪ್ರತಿ ಸನ್ನಿವೇಶಕ್ಕೂ ಡಿಬ್ರೀಫಿಂಗ್ ಸಮಯವನ್ನು ಬರಹದಲ್ಲಿ ಪಡೆಯಿರಿ. ಸನ್ನಿವೇಶಗಳ ಪಟ್ಟಿಯನ್ನು ಮೊದಲೇ ತರಿಸಿಕೊಂಡು, ಕನಿಷ್ಠ ಅರ್ಧದಷ್ಟನ್ನು ಇಲ್ಲಿಯ ತುರ್ತು ವಿಭಾಗದ ವೈದ್ಯರು ಹಾಗೂ ಸಿಸ್ಟರ್‌ಗಳ ಜೊತೆ ಕೂತು ಬದಲಿಸಿ.